ಹದಿನೆಂಟನೆಯ ಪೆಟ್ಟಿಗೆ

ಮಾದಿಹಳ್ಳಿ
ಸೋಮವಾರ, ೨೧-೯-೨೦೦೯

ಸಂತೋಷನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕಾದ ಜಾಗ ಇದು. ಕೈ ಬರಲಿಲ್ಲ, ಬಿಟ್ಟಿದ್ದೇನೆ.

ನೀನು ನಿಮ್ಮ ಭಾವನ ಹನ್ನೊಂದನೇ ದಿನದ ಕಾರ್ಯಕ್ಕೆ ಬಂದೆ, ಅಂಗಳದಲ್ಲಿ ನಿಂತೆ, ಎಲೆಯ ಮುಂದೆ ಕೂತು ಎದ್ದೆ, ಮಧ್ಯಾಹ್ನದ ಬಸ್ಸಿಗೆ ಅರಸೀಕೆರೆಗೆ ಹೋದೆ. ಆಮೇಲೆ ನಾಲ್ಕು ಸಲ ಫೋನ್ ಮಾಡಿದೆಯಂತೆ. ಮಗಳು ಹೇಮಾಶ್ರೀ ಪ್ರತಿ ಸಲವೂ ಫೋನ್ ಹಿಡಿದು ನನ್ನ ಮುಖ ನೋಡಿದಳು, ನಾನು ತಲೆ ಅಲ್ಲಾಡಿಸಿದೆ. ಅಕ್ಕನಿಗೆ ಕೋಪ ಬಂದಿದೆ ಎಂದುಕೊಂಡಿದ್ದೀಯ. ಕೋಪ ಅಲ್ಲ, ಅನುಮಾನ. ಕೋಪವಾದರೆ ನಾಲ್ಕು ಬೈದು ಅತ್ತು ಮುಗಿಸಬಹುದಿತ್ತು.

ಫೋನಿನ ಮಾತು ಗಾಳಿಗೆ ಹೋಗುತ್ತದೆ. ನಿಮ್ಮ ಆಸ್ಪತ್ರೆಯವರು ನನ್ನ ಹತ್ತಿರ ಒಂಬತ್ತು ಹಾಳೆಗೆ ಸಹಿ ಹಾಕಿಸಿಕೊಂಡರು. ನನಗೂ ಉತ್ತರ ಹಾಳೆಯ ಮೇಲೆಯೇ ಬೇಕು, ಕೆಳಗೆ ನಿನ್ನ ಸಹಿ ಬೇಕು. ನಡೆದದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

ಗಣೇಶನ ಹಬ್ಬದ ಮಾರನೆಯ ದಿನ ಅವರಿಗೆ ಜ್ವರ ಬಂತು. ಕೊಬ್ಬರಿ ಮಂಡಿಗೆ ಹೋಗಿ ಬಂದ ದಣಿವು ಎಂದುಕೊಂಡೆವು. ನಾಲ್ಕನೇ ದಿನಕ್ಕೆ ಹಳೇಬೀಡಿನ ಡಾಕ್ಟರು, "ಇದು ಹಂದಿಜ್ವರದ ಹಾಗೈತೆ, ಉಸಿರು ಕೆಟ್ಟೈತೆ, ತಡ ಮಾಡ್ಬೇಡಿ" ಎಂದರು. ತಮ್ಮ ಕೆಲಸಕ್ಕಿರುವ ಆಸ್ಪತ್ರೆ ಎಂದು ನಿನ್ನಲ್ಲಿಗೇ ಕರೆತಂದೆವು. ಮಾರನೆಯ ಬೆಳಿಗ್ಗೆ, ಆಗಸ್ಟ್ ಇಪ್ಪತ್ತೆಂಟು, ಶುಕ್ರವಾರ, ನೀನು ಕಾಗದದ ಕಟ್ಟು ಹಿಡಿದು ಬಂದೆ. ಹೊಸ ಔಷಧಿಯೊಂದನ್ನು ಪರೀಕ್ಷೆ ಮಾಡುತ್ತಿದ್ದಾರೆ, ಒಪ್ಪಿದರೆ ಭಾವನನ್ನೂ ಸೇರಿಸಬಹುದು ಎಂದೆ. ಡಾಕ್ಟರ್ ನಂದಿತಾ ಕೂತು ವಿವರವಾಗಿ ಹೇಳಿದರು. ಅವರು ಹೇಳಿದ್ದರಲ್ಲಿ ಅರ್ಧ ತಲೆಗೆ ಹೋಗಲಿಲ್ಲ. ನನ್ನ ಕಣ್ಣೆಲ್ಲ ಪಕ್ಕದ ಹಾಸಿಗೆಯಲ್ಲಿ ಮಾಸ್ಕು ಹಾಕಿಕೊಂಡು ಒದ್ದಾಡುತ್ತಿದ್ದ ಇವರ ಮೇಲಿತ್ತು. ಆಗ ಗಂಟೆ ಹತ್ತೂಮುಕ್ಕಾಲು, ರಾಹುಕಾಲ. ಹನ್ನೆರಡು ದಾಟಲಿ ಎಂದೆ. ದಾಟಿದ ಮೇಲೆ ಸಹಿ ಹಾಕಿದೆ. ನೀನೇ ಫ್ರಿಜ್ಜಿನಿಂದ ಪೆಟ್ಟಿಗೆ ತೆಗೆದು ನರ್ಸಿನ ಕೈಗೆ ಕೊಟ್ಟೆ. ಅದರ ಮೇಲೆ ೧೮ ಎಂದಿತ್ತು. ಆರನೇ ದಿನ ಅವರು ಹೋದರು.

ಈಗ ಊರಲ್ಲಿ ಹೇಳುತ್ತಿದ್ದಾರೆ, ಆ ಪೆಟ್ಟಿಗೆಗಳಲ್ಲಿ ಅರ್ಧಕ್ಕೆ ಬರೀ ನೀರು ತುಂಬಿರುತ್ತಾರೆ ಎಂದು. ನಿಜವೇ? ನಿಜವಾದರೆ ನಿಮ್ಮ ಭಾವನಿಗೆ ಕೊಟ್ಟದ್ದು ಔಷಧಿಯೋ ನೀರೋ? ಇಷ್ಟೇ ನನ್ನ ಪ್ರಶ್ನೆ.

ಹದಿನಾಲ್ಕು ವರ್ಷದಿಂದ ಡೈರಿಯಲ್ಲಿ ಕೂತು ಬೆಳಿಗ್ಗೆ ಸಾಯಂಕಾಲ ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯುವುದೇ ನನ್ನ ಕೆಲಸ. ನನ್ನ ಗಂಡನಿಗೇ ಯಾರಾದರೂ ನೀರು ಕೊಟ್ಟು ಕಳಿಸಿದ್ದರೆ ಅದು ನನಗೆ ತಿಳಿಯಬೇಕು.

ಇಂತಿ,
ಸಾವಿತ್ರಮ್ಮ
(ಚನ್ನಪ್ಪನವರ ಹೆಂಡತಿ)


ಅರಸೀಕೆರೆ
೩೦-೯-೨೦೦೯

ಅಕ್ಕನಿಗೆ ಸಂತೋಷನ ನಮಸ್ಕಾರಗಳು.

ಚನ್ನಪ್ಪನವರ ಹೆಂಡತಿ ಎಂದು ಸಹಿ ಹಾಕಿದ್ದೀಯ. ನನಗೆ ನೀನು ಯಾರೆಂದು ಗುರುತು ಹೇಳಬೇಕಾಯಿತೇ ಅಕ್ಕ? ಅವ್ವ ಹೋದಾಗ ನನಗೆ ಏಳು ವರ್ಷ. ಆಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿದ ಕೈ ಒಂದೇ, ನಿನ್ನದು. ಸೈಕಲ್ ಕಲಿಸಿದವರು ಭಾವ. ಅವರನ್ನು ಕಳೆದುಕೊಂಡವನು ನಾನೂ ಹೌದು.

ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ಈ ಜ್ವರ ಜೋರಾದವರಲ್ಲಿ ಕೆಲವರನ್ನು ಕೊಲ್ಲುವುದು ವೈರಸ್ ಒಂದೇ ಅಲ್ಲ ಎಂದು ಡಾಕ್ಟರುಗಳು ಅನುಮಾನಪಡುತ್ತಾರೆ. ವೈರಸ್ಸಿನ ವಿರುದ್ಧ ಹೋರಾಡಲು ಮೈಯೊಳಗೆ ಎದ್ದ ಶಕ್ತಿಯೇ ಹದ ಮೀರಿ ಶ್ವಾಸಕೋಶವನ್ನು ಹಾಳು ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆ ಬೇಲಿಯನ್ನು ಸ್ವಲ್ಪ ತಡೆದರೆ ಜನ ಉಳಿಯಬಹುದೇ ಎಂದು ನೋಡುವುದೇ ಈ ಪರೀಕ್ಷೆ. ಉಳಿಯಬಹುದು, ಉಳಿಯದೆಯೂ ಇರಬಹುದು. ತಡೆದದ್ದರಿಂದಲೇ ಕೇಡಾದರೂ ಆಗಬಹುದು. ಅದನ್ನೂ ಡಾಕ್ಟರ್ ನಂದಿತಾ ನಿನಗೆ ಹೇಳಿದರು, ಮೂರನೇ ಹಾಳೆಯಲ್ಲಿ ಬರೆದೂ ಇದೆ.

ಊರವರು ಹೇಳಿದ್ದು ನಿಜ. ಅರ್ಧ ಪೆಟ್ಟಿಗೆಗಳಲ್ಲಿ ಔಷಧಿ, ಅರ್ಧದಲ್ಲಿ ಉಪ್ಪುನೀರು. ಇದನ್ನೂ ಹೇಳಿದ್ದರು. ಜ್ವರದ ಮಾತ್ರೆ, ಆಕ್ಸಿಜನ್, ಡ್ರಿಪ್ ಎಲ್ಲ ಎಲ್ಲರಿಗೂ ಒಂದೇ. ಪೆಟ್ಟಿಗೆಯದನ್ನು ಅವುಗಳ ಜೊತೆಗೆ ಹೆಚ್ಚುವರಿಯಾಗಿ ಕೊಡುವುದು. ಎರಡನ್ನೂ ಹೋಲಿಸದೆ ಔಷಧಿ ಕೆಲಸ ಮಾಡಿತೋ ಇಲ್ಲವೋ ತಿಳಿಯುವುದು ಹೇಗೆ?

ಹದಿನೆಂಟರಲ್ಲಿ ಏನಿತ್ತು ಎಂದು ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ, ಸೂಜಿ ಚುಚ್ಚಿದ ನರ್ಸಿಗೂ ಗೊತ್ತಿಲ್ಲ. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬ ಪಟ್ಟಿಯನ್ನು ಬೆಂಗಳೂರಿನಲ್ಲಿ ಮೊಹರು ಹಾಕಿ ಇಟ್ಟಿದ್ದಾರೆ. ಪರೀಕ್ಷೆ ಮುಗಿಯುವ ತನಕ ತೆರೆಯುವುದಿಲ್ಲ. ಯಾರು ಮೊದಲು ಸಹಿ ಹಾಕುತ್ತಾರೋ ಅವರಿಗೆ ಸಾಲಿನಲ್ಲಿ ಮುಂದಿನ ಪೆಟ್ಟಿಗೆ. ಅದರಲ್ಲಿ ನನ್ನ ಕೈವಾಡ ಏನೂ ಇಲ್ಲ.

ರಾಹುಕಾಲದ ಮಾತು ಬರೆದಿದ್ದೀಯ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಹಾಗೆಯೇ ಅಲ್ಲವೇ. ಹಾಸ್ಟೆಲ್ಲಿಗೆ ಹೋಗುವಾಗಲೂ ಶುಕ್ರವಾರ ಹತ್ತೂವರೆ ಬಸ್ಸಿಗೆ ನನ್ನನ್ನು ಒಂದು ದಿನವಾದರೂ ಹತ್ತಿಸಿದ್ದೀಯಾ? ಬಸ್ಸು ಕಣ್ಣೆದುರಿಗೆ ಹೋದರೂ ನನ್ನ ಚೀಲ ಹಿಡಿದು ಕೂರಿಸಿಕೊಳ್ಳುತ್ತಿದ್ದೆ.

ಹೇಮಾಳ ಓದು ನಿಲ್ಲದಿರಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಮ್ಮ,
ಸಂತೋಷ


ಮಾದಿಹಳ್ಳಿ
೧೨-೧೦-೨೦೦೯

ಸಂತೋಷನಿಗೆ,

ಕಾಗದ ಮೂರು ಸಲ ಓದಿದೆ. ಎಣ್ಣೆ ಹಚ್ಚಿದ ಕೈ, ಸೈಕಲ್ಲು ಎಲ್ಲ ಮುಂದಿಟ್ಟಿದ್ದೀಯ. ನಮ್ಮ ಡೈರಿಯ ದೇವೀರಪ್ಪನೂ ಹೀಗೆಯೇ. ಕ್ಯಾನಿಗೆ ನೀರು ಬಿಟ್ಟು ತಂದ ದಿನ ಮೊದಲು ನನ್ನ ಸೊಂಟನೋವು ವಿಚಾರಿಸುತ್ತಾನೆ.

ಬೇಲಿ ಹೊಲ ಮೇಯುವ ಮಾತು ಚೆನ್ನಾಗಿದೆ. ಆದರೆ ನನಗೆ ಕಂಡದ್ದು ಬೇರೆ. ಕಳ್ಳ ಇನ್ನೂ ಒಳಗಿರುವಾಗಲೇ ನಾಯಿಯ ಬಾಯಿ ಕಟ್ಟುವ ಔಷಧಿ ನಿಮ್ಮದು. ಕಟ್ಟಿದರೋ ಇಲ್ಲವೋ ಅದೂ ತಿಳಿಯದು ಎನ್ನುತ್ತೀಯ. ಇನ್ನು ಬೇಲಿಯ ವಿಷಯಕ್ಕೆ ಬಂದರೆ, ಆ ಆಸ್ಪತ್ರೆಯಲ್ಲಿ ನಮಗೆ ಬೇಲಿ ಎಂದು ಇದ್ದವನು ನೀನೊಬ್ಬನೇ.

ನಿನಗೆ ಗೊತ್ತಿಲ್ಲ ಎನ್ನುವುದನ್ನು ನಾನು ಯಾಕೆ ನಂಬುವುದಿಲ್ಲ ಎಂದು ಹೇಳುತ್ತೇನೆ, ಕೇಳು. ಡೈರಿಯಲ್ಲಿ ಸ್ಯಾಂಪಲ್ ಬಾಟಲಿಗಳ ಮೇಲೆ ಹೆಸರು ಇರುವುದಿಲ್ಲ, ನಂಬರ್ ಮಾತ್ರ. ಪರೀಕ್ಷೆ ಮಾಡುವವಳಿಗೆ ಯಾರದೆಂದು ತಿಳಿಯಬಾರದು ಎಂದು ಮೇಲಿನವರು ಮಾಡಿದ ಏರ್ಪಾಡು. ಸೇರಿದ ಒಂದು ತಿಂಗಳಿಗೆ ನನಗೆ ಎಲ್ಲ ನಂಬರೂ ಬಾಯಿಪಾಠ ಆಯಿತು. ಮೂವತ್ತಾರು ದೇವೀರಪ್ಪ, ನಲವತ್ತು ಲಲಿತಮ್ಮ. ಬಾಟಲಿ ಎತ್ತಿ ಬೆಳಕಿಗೆ ಹಿಡಿದರೆ ಸಾಕು, ಲ್ಯಾಕ್ಟೋಮೀಟರ್ ಬಿಡುವುದಕ್ಕೆ ಮೊದಲೇ ನೀರು ಬೆರೆತಿದೆಯೋ ಇಲ್ಲವೋ ಹೇಳುತ್ತೇನೆ. ಮೂರು ತಿಂಗಳಿಂದ ಆ ಪೆಟ್ಟಿಗೆಗಳನ್ನು ಎತ್ತಿ ಇಡುತ್ತಿರುವವನು ನೀನು. ನಿನಗೆ ಒಂದರ ಗುರುತೂ ಹತ್ತಲಿಲ್ಲ ಎಂದರೆ ನೀನು ನನ್ನ ತಮ್ಮನೇ ಅಲ್ಲ.

ಇನ್ನೊಂದು. ಆ ದಿನ ಪಕ್ಕದ ಹಾಸಿಗೆಯಲ್ಲಿ ಬಿಕ್ಕೋಡಿನ ಗಿಡ್ಡಯ್ಯ ಇದ್ದ. ಎಸ್ಟೇಟಿನ ಜೀಪು ಓಡಿಸುವವನು. ಸಾಹುಕಾರರೇ ಖುದ್ದು ಬಂದು ಸೇರಿಸಿ ಹೋಗಿದ್ದರು. ನಾನು ಹನ್ನೆರಡಾಗಲಿ ಎಂದು ಕೂತಿದ್ದಾಗ ನೀನು ಅವನ ಹೆಂಡತಿ ರಂಗಮ್ಮನ ಹತ್ತಿರ ಹೋಗಿ, "ಹಂಗಾದ್ರೆ ನೀವು ಮೊದ್ಲು ಬನ್ನಿ" ಎಂದದ್ದನ್ನು ನನ್ನ ಕಿವಿಯಾರೆ ಕೇಳಿದೆ. ಗಿಡ್ಡಯ್ಯ ಹತ್ತೇ ದಿನಕ್ಕೆ ಎದ್ದು ನಡೆದುಕೊಂಡು ಮನೆಗೆ ಹೋದನಂತೆ. ಸಾಹುಕಾರರ ಜೀಪಿನವನಿಗೆ ಹಾಲು, ಭಾವನಿಗೆ ನೀರು. ಹೀಗೆ ಬರೆಯಲು ನನಗೆ ಸಂತೋಷವೆಂದುಕೊಂಡೆಯಾ?

ಅಲ್ಲ ಎನ್ನುವುದಾದರೆ ಪಟ್ಟಿ ನೋಡಿ ಹೇಳು. ಅಲ್ಲಿಯವರೆಗೆ ನನ್ನ ಊಟದ ಚಿಂತೆ ಬೇಡ.

ಸಾವಿತ್ರಮ್ಮ


ಅರಸೀಕೆರೆ
೨-೧೧-೨೦೦೯

ಅಕ್ಕ,

ಪಟ್ಟಿ ನಮ್ಮ ಕೈಗೆ ಬಂದಿಲ್ಲ. ಬಂದರೆ ಹೇಳುತ್ತೇನೆ ಎಂದು ಡಾಕ್ಟರ್ ನಂದಿತಾ ಅವರ ಮುಂದೆಯೇ ಕೂತು ಬರೆಯುತ್ತಿದ್ದೇನೆ. ಔಷಧಿಗೂ ಉಪ್ಪುನೀರಿಗೂ ಬಣ್ಣ, ವಾಸನೆ, ಸೀಸೆ ಎಲ್ಲ ಒಂದೇ. ಬೆಳಕಿಗೆ ಹಿಡಿದರೂ ಗೊತ್ತಾಗುವುದಿಲ್ಲ. ಹಿಡಿದು ನೋಡಿದ್ದೇನೆ. ಭಾವನ ಪೆಟ್ಟಿಗೆಯನ್ನು ಕೊಡುವ ಮೊದಲು ಕಿಟಕಿಯ ಹತ್ತಿರ ತಿರುಗಿಸಿ ತಿರುಗಿಸಿ ನೋಡಿದೆ. ಹಾಗೆ ನೋಡುವುದು ತಪ್ಪು. ಆದರೂ ನೋಡಿದೆ.

ರಂಗಮ್ಮನನ್ನು ಮೊದಲು ಬನ್ನಿ ಎಂದದ್ದು ನಿಜ. ನೀನು ಕಾಯುತ್ತೇನೆ ಎಂದೆ, ಅವರು ಕಾಯುವುದಿಲ್ಲ ಎಂದರು. ಅಷ್ಟೇ.

ದಯವಿಟ್ಟು ಬಿಕ್ಕೋಡಿಗೆ ಹೋಗಿ ಅವರನ್ನು ವಿಚಾರಿಸಲು ಹೋಗಬೇಡ. ಬದುಕಿ ಬಂದವರನ್ನು ಯಾಕೆ ಬದುಕಿದೆ ಎಂದು ಕೇಳುವುದು ಸರಿಯಲ್ಲ.

ಸಂತೋಷ


ಮಾದಿಹಳ್ಳಿ
೨೦-೧೧-೨೦೦೯

ಸಂತೋಷನಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಿಕ್ಕೋಡಿಗೆ ಹೋಗುತ್ತೇನೆಂದು ನಾನು ಬರೆದಿರಲಿಲ್ಲ.

ಸಾವಿತ್ರಮ್ಮ


ಬೇಲೂರು
೧೦-೧೨-೨೦೦೯

ಪ್ರೀತಿಯ ಮಾವನಿಗೆ,

ಕಾಲೇಜಿನ ಲೈಬ್ರರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅಮ್ಮನಿಗೆ ಗೊತ್ತಿಲ್ಲ. ನೀವು ಫೋನ್ ಮಾಡಿದಾಗ ಅಮ್ಮ ಹತ್ತಿರವೇ ಇರುತ್ತಾಳೆ, ಹಾಗಾಗಿ ಏನೂ ಹೇಳಲು ಆಗುವುದಿಲ್ಲ.

ನಿಮ್ಮಿಬ್ಬರ ಕಾಗದಗಳನ್ನೂ ನಾನು ಓದುತ್ತಿದ್ದೇನೆ ಮಾವ, ಕ್ಷಮಿಸಿ. ಅಮ್ಮ ನಿಮ್ಮ ಮೇಲೆ ಅನುಮಾನ ಎಂದು ಬರೆಯುತ್ತಾಳಲ್ಲ, ಅದು ಪೂರ್ತಿ ನಿಜ ಅಲ್ಲ. ಅವಳಿಗೆ ಇನ್ನೊಂದು ಭಯ ಇದೆ. ಹೋದ ವಾರ ಹಸುವಿಗೆ ಹುಲ್ಲು ಹಾಕುತ್ತಾ ನಿಂತವಳು ಇದ್ದಕ್ಕಿದ್ದ ಹಾಗೆ, "ಔಷ್ದಿ ಏನಾದ್ರೂ ಇದ್ದಿದ್ರೆ, ಹೇಮಾ, ಒಂದೂಕಾಲು ಗಂಟೆ ತಡವಾಗಿ ಹೋಯ್ತಲ್ಲೇ, ನನ್ನಿಂದ" ಎಂದಳು. "ನೀರೇ ಆಗಿದ್ರೆ ತಡ ಆದ್ರೇನು, ಬೇಗ ಆದ್ರೇನು" ಎಂದಳು ಆಮೇಲೆ. ನೀರೇ ಆಗಿರಲಿ ಎಂದು ಹರಕೆ ಹೊತ್ತವಳ ಹಾಗೆ ಹೇಳಿದಳು.

ಗೋಡೆ ಗಡಿಯಾರವನ್ನು ಇಳಿಸಿ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಕೇಳಿದರೆ, "ಸೆಲ್ ಮುಗಿದೈತೆ" ಎನ್ನುತ್ತಾಳೆ. ಸೆಲ್ ಹೋದ ತಿಂಗಳು ನಾನೇ ಹಾಕಿದ್ದೆ. ಡೈರಿಯಲ್ಲಿ ಎಲ್ಲರ ಹಾಲನ್ನೂ ಎರಡೆರಡು ಸಲ ಪರೀಕ್ಷೆ ಮಾಡುತ್ತಿದ್ದಾಳಂತೆ, ಜನ ಜಗಳಕ್ಕೆ ಬರುತ್ತಿದ್ದಾರೆ. ಎರಡು ತುತ್ತಿನ ಮೇಲೆ ಊಟ ಮಾಡುವುದಿಲ್ಲ.

ಪಟ್ಟಿ ಬಂದಿದ್ದರೆ ಏನಾದರೂ ಒಂದು ಹೇಳಿಬಿಡಿ ಮಾವ. ನನಗೆ ಅಪ್ಪ ಇಲ್ಲ. ಅಮ್ಮನೂ ಹೀಗೆ ಕೂತರೆ ನಾನು ಏನು ಮಾಡಲಿ?

ನಿಮ್ಮ,
ಹೇಮಾ


ಅರಸೀಕೆರೆ
೨೮-೧೨-೨೦೦೯

ಅಕ್ಕನಿಗೆ ನಮಸ್ಕಾರಗಳು.

ಪಟ್ಟಿ ಬಂತು. ಜ್ವರದ ಹಾವಳಿ ಇಳಿದು ರೋಗಿಗಳು ಸಿಗದೆ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿ, ಮೊಹರು ಒಡೆದರು.

ನಿನ್ನ ಅನುಮಾನವೇ ನಿಜವಾಯಿತು. ಭಾವನಿಗೆ ಹೋದದ್ದು ಉಪ್ಪುನೀರು. ಬೇರೆ ಮನೆಯವರ ಪೆಟ್ಟಿಗೆಯ ವಿಷಯ ನಾನು ಹೇಳುವಂತಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ, ಸಾಲಿನಲ್ಲಿ ಹಾಗೆ ಬಂತು. ಆದರೆ ಭಾವನನ್ನು ಈ ಪರೀಕ್ಷೆಗೆ ಸೇರಿಸೋಣ ಎಂದವನು ನಾನು. ತಪ್ಪೇನಿದ್ದರೂ ನನ್ನದು. ನೀನು ಬೇಗ ಸಹಿ ಹಾಕಿದ್ದರೂ ತಡವಾಗಿ ಹಾಕಿದ್ದರೂ ನೀರು ನೀರೇ.

ನನ್ನನ್ನು ಬಯ್ಯಬೇಕೆನಿಸಿದಷ್ಟು ಬಯ್ಯಿ. ಮನೆಗೆ ಬರಬೇಡ ಎಂದರೆ ಬರುವುದಿಲ್ಲ. ನೀನು ಮಾತ್ರ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಮ್ಮ,
ಸಂತೋಷ


ಮಾದಿಹಳ್ಳಿ
೧೧-೧-೨೦೧೦

ಸಂತೋಷನಿಗೆ,

ನಿನ್ನ ಕಾಗದ ಬಂದ ದಿನ ಮೊದಲು ಅತ್ತೆ. ಆಮೇಲೆ ಒಂದು ತಟ್ಟೆ ತುಂಬ ಅನ್ನ ಉಂಡೆ. ನಾಚಿಕೆಯಾಗುತ್ತದೆ ಬರೆಯಲು, ಆದರೆ ನಾಲ್ಕು ತಿಂಗಳ ಮೇಲೆ ಅವತ್ತು ಹಸಿವಾಯಿತು. ನನ್ನ ಅನುಮಾನ ನಿಜವಾಗಿತ್ತು, ತಮ್ಮ ಮೋಸಗಾರ, ಗಂಡನಿಗೆ ನೀರು ಕೊಟ್ಟರು. ಇಷ್ಟು ಕೆಟ್ಟ ಸುದ್ದಿ ಕೇಳಿ ಹಸಿವಾಗುವುದೆಂದರೆ ನಾನು ಎಂಥ ಹೆಂಗಸು ಎಂದು ನನಗೇ ದಿಗಿಲಾಯಿತು.

ಎರಡು ದಿನ ಕಳೆಯಿತು. ಹುಟ್ಟುಗುಣ ಸುಟ್ಟರೂ ಹೋಗದು. ಒಂದೇ ಸಲ ಲ್ಯಾಕ್ಟೋಮೀಟರ್ ಬಿಟ್ಟು ನಂಬಿದವಳಲ್ಲ ನಾನು. ಗುರುವಾರ ಬೇಲೂರಿಗೆ ಹೋಗಿ ಬಿಕ್ಕೋಡಿನ ಬಸ್ಸು ಹತ್ತಿದೆ.

ಎಸ್ಟೇಟಿನ ಆಳುಗಳ ಲೈನು ಮನೆಯ ಮುಂದೆ ಗಿಡ್ಡಯ್ಯ ಬಿಸಿಲಿಗೆ ಕೂತು ಕಾಫಿ ಬೀಜ ಆರಿಸುತ್ತಿದ್ದ. ಇನ್ನೂ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಜೀಪು ಬಿಡಿಸಿದ್ದಾರೆ. ನಾನು ಅಂದುಕೊಂಡಷ್ಟು ಸುಖದಲ್ಲೇನೂ ಇಲ್ಲ. ನನ್ನನ್ನು ನೋಡಿದ್ದೇ ರಂಗಮ್ಮ ಕೈ ಹಿಡಿದುಕೊಂಡು ಅತ್ತಳು. "ನಿಮ್ಮೋರು ಹೋದ್ರು, ನಮ್ಮೋರು ಉಳುದ್ರು. ನಿಮ್ಮ ಮುಖ ನೋಡೋಕೆ ಒಂಥರಾ ಆಯ್ತದೆ ಕಣಕ್ಕ" ಎಂದಳು.

ಒಳ್ಳೆಯ ಔಷಧಿ ಬಿತ್ತಲ್ಲ ನಿಮಗೆ, ಉಳಿದರು ಎಂದೆ ನಾನು, ಸ್ವಲ್ಪ ಚುಚ್ಚುವ ಹಾಗೆಯೇ.

"ಎಲ್ಲಿ ಔಷ್ದಿ ಅಕ್ಕ? ಬರೀ ಉಪ್ಪುನೀರಂತೆ. ಕಾಗ್ದ ಬಂದೈತೆ ನೋಡಿ" ಎಂದು ಒಳಗಿಂದ ತಂದುಕೊಟ್ಟಳು.

ಓದಿದೆ. ನಿಮ್ಮ ಆಸ್ಪತ್ರೆಯ ಮೊಹರು, ಡಾಕ್ಟರ್ ನಂದಿತಾ ಸಹಿ, ಡಿಸೆಂಬರ್ ಹದಿನೆಂಟನೇ ತಾರೀಖು. ಗಿಡ್ಡಯ್ಯ, ಪೆಟ್ಟಿಗೆ ಸಂಖ್ಯೆ ೧೭, ಉಪ್ಪುನೀರು. ಪರೀಕ್ಷೆಗೆ ಸೇರಿದ ಎಲ್ಲರ ಮನೆಗೂ ಇಂಥ ಕಾಗದ ಕಳಿಸಲಾಗಿದೆ ಎಂದು ಕೆಳಗೆ ಬರೆದಿದೆ. ನಮ್ಮ ಮನೆಗೆ ಬಂದಿಲ್ಲ. ಕಾಗದ ಕಳಿಸುವ ಕೆಲಸ ಯಾರದು ಎಂದು ನನಗೆ ಗೊತ್ತು.

ಆಮೇಲೆ ರಂಗಮ್ಮ ಕಾಫಿ ಕೊಡುತ್ತಾ ತಾನಾಗಿಯೇ ಹೇಳಿದಳು. "ನಿಮ್ಮ ತಮ್ಮ ಮೊದ್ಲು ನಿಮ್ಮತ್ರನೇ ಬಂದಿದ್ದು. ನೀವು ರಾವುಕಾಲ ಅಂದ್ರಿ. ನಮ್ಗೆ ಅದೆಲ್ಲಾ ಎಲ್ಲಿ ಗೊತ್ತಾಯ್ತದೆ, ನಾನು ಹೆಬ್ಬೆಟ್ಟು ಒತ್ತಿಬಿಟ್ಟೆ" ಎಂದಳು. ಪಾಪ, ಅವಳ ಮನಸ್ಸಿನಲ್ಲಿ ಏನೂ ಇಲ್ಲ. ಕಾಫಿ ಲೋಟವನ್ನು ಹಾಗೆಯೇ ಕೆಳಗಿಟ್ಟು ಎದ್ದೆ.

ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ನಾನೇ ಲೆಕ್ಕ ಹಾಕಿದೆ. ಹದಿನೇಳು ನಮಗೆ ಬರಬೇಕಾದ ಪೆಟ್ಟಿಗೆ. ಹೌದೋ ಅಲ್ಲವೋ? ಹದಿನೆಂಟರಲ್ಲಿ ಇದ್ದದ್ದು ಔಷಧಿ, ನೀರೇ ಆಗಿದ್ದರೆ ನಮ್ಮ ಕಾಗದವನ್ನು ನೀನು ಬಚ್ಚಿಡುತ್ತಿರಲಿಲ್ಲ. ಹೌದೋ ಅಲ್ಲವೋ? ನಮ್ಮ ಪಾಲಿನ ಕಾಗದ ನಿನ್ನ ಮೇಜಿನಲ್ಲಿದೆ. ಕಳಿಸು. ಈ ಸಲ ನೀರು ಬೆರೆಸಬೇಡ.

ಸಾವಿತ್ರಿ


ಅರಸೀಕೆರೆ
೨೦-೧-೨೦೧೦

ಅಕ್ಕ,

ಕಾಗದ ಇದರ ಜೊತೆಗಿದೆ. ಒಂದು ತಿಂಗಳು ನನ್ನ ಡ್ರಾಯರಿನಲ್ಲಿತ್ತು. ತಡೆದಿಟ್ಟುಕೊಂಡದ್ದನ್ನು ನಿನ್ನೆ ಡಾಕ್ಟರ್ ನಂದಿತಾ ಅವರಿಗೆ ಹೇಳಿದೆ. ತುಂಬ ಬೇಜಾರು ಮಾಡಿಕೊಂಡರು. ಮನೆಯವರ ಹಕ್ಕಿನ ಕಾಗದ ತಡೆಯಲು ನಿನಗೇನು ಅಧಿಕಾರ ಎಂದು ಕೇಳಿದರು. ಇನ್ನು ಮೇಲೆ ನನ್ನನ್ನು ಆ ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲವಂತೆ, ಹಳೆಯ ರಿಜಿಸ್ಟರ್ ವಿಭಾಗಕ್ಕೆ ಹಾಕಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ.

ನೀನು ಕೇಳಿದ ಎರಡಕ್ಕೂ ಹೌದು. ಹದಿನೆಂಟರಲ್ಲಿ ಔಷಧಿ ಇತ್ತು. ಆ ದಿನ ಹತ್ತೂಮುಕ್ಕಾಲಿಗೆ ಸಹಿಯಾಗಿದ್ದರೆ ಭಾವನಿಗೆ ಹದಿನೇಳು ಬರುತ್ತಿತ್ತು.

ನೀನು ಹೆದರಿದ್ದು ಔಷಧಿ ತಡವಾಯಿತು ಎಂದು. ಹೇಮಾ ನನಗೆ ಬರೆದಿದ್ದಳು, ಅವಳನ್ನು ಬಯ್ಯಬೇಡ. ಪಟ್ಟಿಯಲ್ಲಿ ನಾನು ಕಂಡದ್ದು ಅದಕ್ಕಿಂತ ಕಷ್ಟದ್ದು, ನೀರು ಬಿದ್ದ ಗಿಡ್ಡಯ್ಯ ಉಳಿದ, ಔಷಧಿ ಬಿದ್ದ ಭಾವ ಹೋದರು. ನೀನು ಇದನ್ನು ಹೊತ್ತುಕೊಂಡು ಬದುಕಲಾರೆ ಅನ್ನಿಸಿತು. ನನ್ನ ಮೇಲಿನ ಸಿಟ್ಟನ್ನಾದರೆ ಹೊರುತ್ತೀಯ, ಅಭ್ಯಾಸವಾಗಿದೆ. ಅದಕ್ಕೇ ನೀರು ಎಂದು ಬರೆದೆ. ನಿನ್ನ ಕೈಲಿ ಸಿಕ್ಕಿಬೀಳುತ್ತೇನೆಂದು ಗೊತ್ತಿದ್ದೂ ಬರೆದೆ.

ಈಗ ನಿಜವಾದ ಮಾತು ಒಂದು ಬರೆಯುತ್ತೇನೆ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ಎಲ್ಲ ಆಸ್ಪತ್ರೆಗಳ ಲೆಕ್ಕವನ್ನೂ ಕೂಡಿಸಿ ನೋಡಿದ್ದಾರೆ. ಔಷಧಿ ಪಡೆದವರಲ್ಲಿ ಎಷ್ಟು ಜನ ಹೋದರೋ ನೀರು ಪಡೆದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಜನ ಹೋಗಿದ್ದಾರೆ. ಔಷಧಿ ಉಳಿಸಿತು ಎನ್ನಲೂ ಆಗದು, ಕೊಂದಿತು ಎನ್ನಲೂ ಆಗದು. ಹದಿನೇಳು ಬಂದಿದ್ದರೆ ಭಾವ ಉಳಿಯುತ್ತಿದ್ದರು ಎಂದು ಡಾಕ್ಟರೂ ಹೇಳಲಾರರು, ದೇವರಾಣೆಗೂ ನಾನು ಹೇಳಲಾರೆ. ಉಳಿಯುತ್ತಿರಲಿಲ್ಲ ಎಂದೂ ಹೇಳಲಾರೆ. ಇಷ್ಟೆಲ್ಲ ಜನರ ಮೇಲೆ ನೋಡಿದ ಮೇಲೂ ನಮಗೆ ಗೊತ್ತಾದದ್ದು ಇಷ್ಟೇ.

ಭಾವನನ್ನು ಸೇರಿಸು ಎಂದು ನಾನು ಯಾಕೆ ಹೇಳಿದೆ ಗೊತ್ತಾ ಅಕ್ಕ? ಅವರ ಉಸಿರು ನೋಡಿ ಡಾಕ್ಟರುಗಳು ಮುಖ ಮುಖ ನೋಡಿಕೊಂಡದ್ದನ್ನು ಕಂಡಿದ್ದೆ. ನನ್ನ ಕೈಯಲ್ಲಿ ಇದ್ದದ್ದು ಆ ಒಂದು ಫ್ರಿಜ್ಜು ಮಾತ್ರ.

ಸಂತೋಷ


ಮಾದಿಹಳ್ಳಿ
ಶನಿವಾರ, ೩೦-೧-೨೦೧೦

ಚಿರಂಜೀವಿ ಸಂತೋಷನಿಗೆ ಅಕ್ಕನ ಆಶೀರ್ವಾದಗಳು.

ಆಸ್ಪತ್ರೆಯ ಕಾಗದವನ್ನು ಅವರ ಫೋಟೋದ ಹಿಂದೆ ಇಟ್ಟಿದ್ದೇನೆ. ಹೇಮಾಳಿಗೂ ಓದಿ ಹೇಳಿದೆ. ಅವಳನ್ನು ಬೈಯಲಿಲ್ಲ.

ನಾನು ಮೊದಲ ಕಾಗದದಲ್ಲಿ ನಡೆದದ್ದನ್ನೆಲ್ಲ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು ಎಂದಿದ್ದೆ. ನೀನು ತಿದ್ದಲಿಲ್ಲ. ಒಂದು ಸಂಗತಿಯನ್ನು ನಾನೇ ಬಿಟ್ಟಿದ್ದೆ. ನೀನು ಆಗ ರಂಗಮ್ಮನ ಕಡೆ ತಿರುಗಿದ್ದೆ, ನೋಡಿಲ್ಲ. ನಿಮ್ಮ ಭಾವ ಕೈ ಚಾಚಿ ನನ್ನ ಕೈಯಲ್ಲಿದ್ದ ಪೆನ್ನು ಹಿಡಿದುಕೊಂಡರು. ಮಾಸ್ಕಿನೊಳಗಿಂದ, "ಕೊಡೇ, ನಾನೇ ಹಾಕ್ತೀನಿ" ಎಂದರು. ನಾನು ಅವರ ಬೆರಳು ಬಿಡಿಸಿ ಪೆನ್ನು ಕಿತ್ತುಕೊಂಡು ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಂಡೆ. "ಒಂದು ಗಳಿಗೆ ಸುಮ್ನಿರಿ, ನಿಮ್ಗೆ ಒಳ್ಳೇದಾಗ್ಲಿ ಅಂತಲೇ" ಎಂದೆ. ಅವರು ನಕ್ಕರು. ಇಪ್ಪತ್ತೊಂದು ವರ್ಷ ನನ್ನ ಈ ಹುಚ್ಚಿಗೆ ನಕ್ಕ ಹಾಗೆಯೇ ನಕ್ಕರು.

ಆ ನಗುವನ್ನು ಯಾರಿಗೂ ಹೇಳಲಾರದೆ ನಿನ್ನ ಮೇಲೆ ಅನುಮಾನ ಕಟ್ಟಿದೆ. ನೀನು ಕಳ್ಳನಾದರೆ ನಾನು ಬಚಾವ್. ಇದನ್ನು ಬರೆಯಲು ನಾಲ್ಕು ತಿಂಗಳು ಬೇಕಾಯಿತು.

ಅಷ್ಟೊಂದು ಜನರ ಲೆಕ್ಕ ನೀನು ಹೇಳಿದ್ದೀಯ. ಒಬ್ಬ ಹೆಂಗಸಿಗೆ ಅದರಿಂದ ಸಮಾಧಾನ ಆಗುವುದಿಲ್ಲ. ಆದರೂ ಎರಡು ಸಲ ಓದಿದ ಮೇಲೆ ಇದು ನೀರು ಬೆರೆಸಿದ ಮಾತಲ್ಲ ಎಂದು ತಿಳಿಯಿತು. ಗೊತ್ತಿಲ್ಲ ಎಂದು ಇಷ್ಟು ಗಟ್ಟಿಯಾಗಿ ಹೇಳಿದವರನ್ನು ನಾನು ಡೈರಿಯಲ್ಲಿ ಕಂಡಿಲ್ಲ. ನೀನು ಸುಳ್ಳು ಬರೆದದ್ದು, ಕಾಗದ ಬಚ್ಚಿಟ್ಟದ್ದು ತಪ್ಪು. ಅದಕ್ಕೆ ಎದುರಿಗೆ ಬಂದಾಗ ಬೈಯುತ್ತೇನೆ, ತಪ್ಪಿಸಿಕೊಳ್ಳಬೇಡ. ಹಳೆಯ ರಿಜಿಸ್ಟರುಗಳ ಧೂಳಿಗೆ ನಿನಗೆ ಕೆಮ್ಮು ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೋ.

ಗೌರಿ ತುಂಬಿದ ಹಸು. ಕೆಚ್ಚಲು ಇಳಿದಿದೆ, ಇನ್ನು ನಾಲ್ಕೈದು ದಿನದಲ್ಲಿ ಕರು ಹಾಕುತ್ತಾಳೆ. ಹೋದ ಸಲ ಗಿಣ್ಣು ಮಾಡಿದಾಗ ನೀನೂ ನಿಮ್ಮ ಭಾವನೂ ಪಾತ್ರೆ ಕೆರೆದು ತಿಂದಿದ್ದಿರಿ. ಗಿಣ್ಣು ಹಾಲು ಮೂರು ದಿನಕ್ಕಿಂತ ಹೆಚ್ಚು ಇರುವುದಿಲ್ಲ, ಕಾಯುವ ವಸ್ತು ಅಲ್ಲ. ಹೇಮಾ ಒಬ್ಬಳೇ ಎಷ್ಟು ತಿಂದಾಳು.

ಗಡಿಯಾರವನ್ನು ಮತ್ತೆ ಗೋಡೆಗೆ ಹಾಕಿದ್ದೇನೆ. ಬರುವ ಶುಕ್ರವಾರ ರಜ ಹಾಕು. ಅರಸೀಕೆರೆಯಿಂದ ಜಾವಗಲ್ ಮೇಲೆ ಬರುವ ಬಸ್ಸು ಹತ್ತೂವರೆಗೆ ಹೊರಡುತ್ತದೆ. ಅದಕ್ಕೇ ಹತ್ತಿಕೊಂಡು ಬಾ.

ನಿನ್ನ ಅಕ್ಕ,
ಸಾವಿತ್ರಿ